ಚಾಳೀಸಿನ ಕನ್ನಡಕ: ಒಂದು ಸಾಕೇ, ಎರಡು ಬೇಕೇ?

ಫಜ್ರ್ ನಮಾಝ್ ಮುಗಿಸಿ ಕುರ್‌ಆನ್ ತೆರೆದು ಕೂರುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ನಾಳೆ ಬೆಳಗ್ಗೆ ಅವರನ್ನು ಸ್ವಲ್ಪ ಹೊತ್ತು ಗಮನಿಸಿ. ಓದುವಾಗ ತಲೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತಾರೆಯೇ? ಮೊದಲು ಮೂಲೆಯಲ್ಲಿ ಕೂರುತ್ತಿದ್ದವರು ಈಗ ಟ್ಯೂಬ್‌ಲೈಟಿನ ಕೆಳಗೇ ಬಂದು ಕೂರುತ್ತಾರೆಯೇ? ಬಾಯಿಪಾಠವಿರುವ ಸೂರಾಗಳನ್ನೇ ಮತ್ತೆ ಮತ್ತೆ ಓದುತ್ತಾ, ಉಳಿದ ಪುಟಗಳ ಕಡೆಗೆ ಹೋಗುವುದನ್ನು ಬಿಟ್ಟಿದ್ದಾರೆಯೇ? ಕೇಳಿದರೆ "ವಯಸ್ಸಾಯಿತಲ್ಲ" ಎನ್ನುತ್ತಾರೆ. ನಾವೂ ಹೌದೆಂದು ಸುಮ್ಮನಾಗುತ್ತೇವೆ.

ನನ್ನ ಉಮ್ಮ ಹೀಗೆ ಸುಮಾರು ಎರಡು ವರ್ಷ ಕಳೆದರು. ಗಲ್ಫ್‌ನಲ್ಲಿರುವ ಅಣ್ಣ ರಜೆಯಲ್ಲಿ ಬಂದಾಗ ಅವರನ್ನು ಪೇಟೆಗೆ ಕರೆದುಕೊಂಡು ಹೋಗಿ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಕನ್ನಡಕ ಮಾಡಿಸಿದ. ದೂರಕ್ಕೂ ಹತ್ತಿರಕ್ಕೂ ಒಂದೇ, ನಡುವೆ ಗೆರೆ ಇಲ್ಲ, ಅತ್ಯುತ್ತಮ ಲೆನ್ಸ್ ಎಂದು ಅಂಗಡಿಯವರು ಹೇಳಿದ್ದರು. ಉಮ್ಮ ಅದನ್ನು ಒಂದು ವಾರ ಧರಿಸಿದರು. ಬಚ್ಚಲಿಗೆ ಇಳಿಯುವ ಮೆಟ್ಟಿಲು ತೇಲಿದಂತೆ ಕಾಣುತ್ತದೆ ಎಂದರು. ಒಂದು ಸಂಜೆ ಅಂಗಳಕ್ಕೆ ಇಳಿಯುವಾಗ ಮುಗ್ಗರಿಸಿದರು. ಅಲ್ಲಾಹನ ಕೃಪೆಯಿಂದ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಂದಿನಿಂದ ಆ ಕನ್ನಡಕ ಕಪಾಟಿನಲ್ಲಿ ಭದ್ರವಾಯಿತು. ಅಣ್ಣ ಫೋನಿನಲ್ಲಿ ಕೇಳಿದಾಗಲೆಲ್ಲಾ "ಚೆನ್ನಾಗಿದೆ ಮೋನೇ" ಎಂದೇ ಹೇಳುತ್ತಿದ್ದರು. ಮಗನ ದುಡ್ಡು ವ್ಯರ್ಥವಾಯಿತೆಂದು ಹೇಳಲು ಯಾವ ತಾಯಿಗೆ ಮನಸ್ಸಾಗುತ್ತದೆ?

ಅಣ್ಣನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅಂಗಡಿಯವರು ಕೊಟ್ಟ ಲೆನ್ಸ್ ಕೂಡ ನಕಲಿಯಾಗಿರಲಿಲ್ಲ. ಕೊರತೆ ಇದ್ದದ್ದು ಒಂದು ಪ್ರಶ್ನೆಯದ್ದು. "ಉಮ್ಮಾ, ನೀವು ದಿನವಿಡೀ ಏನನ್ನು ನೋಡುತ್ತೀರಿ?" ಎಂದು ಯಾರೂ ಕೇಳಿರಲಿಲ್ಲ. ಕನ್ನಡಕದ ಆಯ್ಕೆ ಆ ಪ್ರಶ್ನೆಯಿಂದಲೇ ಆರಂಭವಾಗಬೇಕು, ಬೆಲೆಯಿಂದ ಅಲ್ಲ ಎಂಬುದೇ ಈ ಬರಹದ ವಾದ.

ಇದು ರೋಗವಲ್ಲ

ನಮ್ಮವರು ಇದಕ್ಕೆ "ಚಾಳೀಸು" ಎಂದು ಸರಿಯಾಗಿಯೇ ಹೆಸರಿಟ್ಟಿದ್ದಾರೆ. ಚಾಲೀಸ್ ಅಂದರೆ ನಲವತ್ತು. ಕಣ್ಣಿನೊಳಗೆ ಒಂದು ಸಹಜ ಮಸೂರವಿದೆ. ಎಳೆಯ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ, ದೂರದ್ದನ್ನು ನೋಡುವಾಗ ಚಪ್ಪಟೆಯಾಗುತ್ತದೆ. ವರ್ಷ ಕಳೆದಂತೆ ಅದು ಗಡುಸಾಗುತ್ತಾ ಹೋಗಿ, ನಲವತ್ತು ದಾಟುವ ಹೊತ್ತಿಗೆ ಹತ್ತಿರದ ಅಕ್ಷರಕ್ಕೆ ಬೇಕಾದಷ್ಟು ಉಬ್ಬಲಾರದು. ಆಗ ಪತ್ರಿಕೆಯನ್ನು ದೂರ ಹಿಡಿಯುತ್ತೇವೆ. ಕೊನೆಗೆ ಕೈಯ ಉದ್ದವೂ ಸಾಲದಾಗುತ್ತದೆ. ನಲವತ್ತರ ಆರಂಭದಲ್ಲಿ ಪ್ಲಸ್ ಒಂದರಷ್ಟು ನಂಬರ್ ಸಾಕಾಗುತ್ತದೆ, ಐವತ್ತರ ಹೊತ್ತಿಗೆ ಒಂದೂವರೆಯಿಂದ ಎರಡು, ಅರವತ್ತು ದಾಟಿದ ಮೇಲೆ ಎರಡೂವರೆಯ ಆಸುಪಾಸು. ಆ ನಂತರ ಅದು ಹೆಚ್ಚು ಬದಲಾಗುವುದಿಲ್ಲ. ಕನ್ನಡಕ ಹಾಕಿದ್ದರಿಂದಲೇ ನಂಬರ್ ಏರಿತು ಎಂಬುದು ತಪ್ಪು ತಿಳುವಳಿಕೆ. ಹಾಕಿದರೂ ಏರುತ್ತದೆ, ಹಾಕದಿದ್ದರೂ ಏರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ದೃಷ್ಟಿ ವರದಿಯ ಪ್ರಕಾರ, ಚಾಳೀಸು ಬಂದೂ ಸರಿಯಾದ ಕನ್ನಡಕವಿಲ್ಲದೆ ಹತ್ತಿರದ ದೃಷ್ಟಿ ಮಂಜಾಗಿರುವವರು ಜಗತ್ತಿನಲ್ಲಿ 82.6 ಕೋಟಿ ಜನ. ಒಂದು ಜೊತೆ ಸಾದಾ ಕನ್ನಡಕದಿಂದ ಪರಿಹಾರವಾಗುವ ತೊಂದರೆಯಿದು. ಬೆಳಕು ಕಣ್ಣಿನಿಂದ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದ ಬಂದು ಕಣ್ಣನ್ನು ಸೇರುತ್ತದೆ ಎಂದು ಸಾವಿರ ವರ್ಷಗಳ ಹಿಂದೆಯೇ 'ಕಿತಾಬುಲ್ ಮನಾಝಿರ್'ನಲ್ಲಿ ವಿವರಿಸಿದವರು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಥಮ್. ನಾವು ಅವರ ಹೆಸರನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಬಂದರೆ ಬಾಪ ಬಿಟ್ಟ ಹಳೆಯ ಕನ್ನಡಕವನ್ನೇ ಉಮ್ಮ ಧರಿಸಿರುತ್ತಾರೆ.

ಎರಡು ದಾರಿಗಳು, ನಡುವೆ ಇನ್ನೊಂದು

ಓದುವ ಕನ್ನಡಕದಲ್ಲಿ ಗಾಜಿನ ತುಂಬಾ ಒಂದೇ ನಂಬರ್. ಹತ್ತಿರದ್ದು ವಿಶಾಲವಾಗಿ, ಸ್ಪಷ್ಟವಾಗಿ ಕಾಣುತ್ತದೆ. ತಲೆ ಎತ್ತಿದರೆ ಎದುರಿನ ಗೋಡೆ ಮಂಜು. ದೂರಕ್ಕೂ ನಂಬರ್ ಇರುವವರಿಗೆ ಹೀಗೆ ಎರಡು ಕನ್ನಡಕ ಬೇಕಾಗುತ್ತದೆ, ಹಾಕುವುದು ತೆಗೆಯುವುದು ನಡೆದೇ ಇರುತ್ತದೆ.

ಪ್ರೋಗ್ರೆಸಿವ್ ಲೆನ್ಸ್‌ನಲ್ಲಿ (ಕೆಲವರು ವೆರಿಫೋಕಲ್ ಎನ್ನುತ್ತಾರೆ) ಮೇಲ್ಭಾಗದಲ್ಲಿ ದೂರದ ನಂಬರ್, ಕೆಳಭಾಗದಲ್ಲಿ ಹತ್ತಿರದ್ದು, ನಡುವೆ ನಂಬರ್ ಮೆಲ್ಲನೆ ಬದಲಾಗುವ ಒಂದು ಕಿರುದಾರಿ ಇರುತ್ತದೆ. ಗೆರೆ ಕಾಣುವುದಿಲ್ಲ. ಆದರೆ ಈ ಸೌಕರ್ಯ ಪುಕ್ಕಟೆಯಲ್ಲ. ಗೆರೆ ಇಲ್ಲದೆ ನಂಬರ್ ಬದಲಿಸಲು ಹೋದರೆ ಗಾಜಿನ ಎರಡೂ ಬದಿಗಳಲ್ಲಿ ದೃಶ್ಯ ಸೊಟ್ಟಗಾಗುವುದನ್ನು ಯಾವ ಕಂಪೆನಿಯೂ ಪೂರ್ತಿ ತಪ್ಪಿಸಲಾಗದು. ಅದು ಬೆಳಕಿನ ನಿಯಮ. ಹೆಚ್ಚು ಬೆಲೆಯ ಲೆನ್ಸ್‌ನಲ್ಲಿ ಆ ಸೊಟ್ಟಭಾಗವನ್ನು ಜಾಣತನದಿಂದ ಬದಿಗೆ ಸರಿಸಿರುತ್ತಾರೆ, ಅಷ್ಟೆ. ಓದುವ ನಂಬರ್ ಹೆಚ್ಚಿದಷ್ಟೂ ಆ ತೊಂದರೆ ಹೆಚ್ಚು. ಹಾಗಾಗಿಯೇ ನಲವತ್ತೈದರಲ್ಲಿ ಪ್ರೋಗ್ರೆಸಿವ್ ಆರಂಭಿಸಿದವರು ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾರೆ, ಎಪ್ಪತ್ತರಲ್ಲಿ ಮೊದಲ ಬಾರಿ ಹಾಕಿದವರು ಒದ್ದಾಡುತ್ತಾರೆ.

ನಡುವಿನ ದಾರಿ ಬೈಫೋಕಲ್. ಕೆಳಗೆ ಅರ್ಧಚಂದ್ರದಂಥ ಸಣ್ಣ ಭಾಗದಲ್ಲಿ ಓದುವ ನಂಬರ್ ಇರುತ್ತದೆ. ನೋಡಲು "ಅಜ್ಜನ ಕನ್ನಡಕ" ಎನಿಸುತ್ತದೆ, ಗೆರೆಯ ಬಳಿ ದೃಶ್ಯ ಹಾರಿದಂತೆಯೂ ಆಗುತ್ತದೆ. ಆದರೆ ಬೆಲೆ ಕಡಿಮೆ, ಬದಿಯಲ್ಲಿ ಸೊಟ್ಟಗಾಗುವುದಿಲ್ಲ. ಇಪ್ಪತ್ತು ವರ್ಷದಿಂದ ಬೈಫೋಕಲ್ ಹಾಕಿ ಅಭ್ಯಾಸವಾದ ಹಿರಿಯರಿಗೆ "ಈಗ ಇದು ಹಳೆಯದಾಯಿತು" ಎಂದು ಹೇಳಿ ಪ್ರೋಗ್ರೆಸಿವ್ ಕೊಡಿಸುವುದು ಉಪಕಾರವಲ್ಲ.

ಇನ್ನೊಂದು ಮಾತು. ಮೈನಸ್ ಎರಡರಿಂದ ಮೂರರಷ್ಟು ದೂರದ ನಂಬರ್ ಇರುವವರು ಕನ್ನಡಕ ತೆಗೆದರೆ ಸಾಕು, ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಅವರ ಓದುವ ಕನ್ನಡಕ ಅವರ ಬರಿಗಣ್ಣೇ. ಇದನ್ನು ಅವರಿಗೆ ಹೇಳುವವರೇ ಕಡಿಮೆ.

ನೆಲ, ಮೆಟ್ಟಿಲು ಮತ್ತು ಸುಜೂದ್

ಈಗ ನಮ್ಮ ದಿನಚರಿಯನ್ನು ನೋಡೋಣ. ನಮ್ಮ ಹಿರಿಯರು ದಿನಕ್ಕೆ ಐದು ಬಾರಿ ವುಝೂವಿಗೆ ಒದ್ದೆ ನೆಲದ ಮೇಲೆ ಹೋಗಿಬರುತ್ತಾರೆ. ಮಸೀದಿಯ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಅದರಲ್ಲೂ ಫಜ್ರ್‌ಗೆ ಮತ್ತು ಇಶಾಕ್ಕೆ ಕತ್ತಲಲ್ಲಿ. ನಮಾಝ್‌ನಲ್ಲಿ ನಿಂತಾಗ ದೃಷ್ಟಿ ಸುಜೂದ್‌ನ ಜಾಗದ ಮೇಲಿರುತ್ತದೆ. ಇವೆಲ್ಲದರಲ್ಲೂ ಕಣ್ಣು ನೋಡುವುದು ಕೆಳಕ್ಕೆ. ಪ್ರೋಗ್ರೆಸಿವ್ ಮತ್ತು ಬೈಫೋಕಲ್ ಲೆನ್ಸ್‌ಗಳ ಕೆಳಭಾಗ ಇರುವುದು ಸುಮಾರು 40 ಸೆಂಟಿಮೀಟರ್ ದೂರದ ಅಕ್ಷರಕ್ಕಾಗಿ. ನಿಂತವರ ಕಣ್ಣಿನಿಂದ ನೆಲ ಒಂದೂವರೆ ಮೀಟರ್ ದೂರ. ಹಾಗಾಗಿ ಪಾದದ ಬಳಿಯ ಮೆಟ್ಟಿಲಿನ ಅಂಚು ಮಂಜಾಗುತ್ತದೆ, ಎಷ್ಟು ಆಳವಿದೆಯೆಂಬ ಅಂದಾಜು ತಪ್ಪುತ್ತದೆ. ನನ್ನ ಉಮ್ಮ ಹೇಳಿದ "ತೇಲುವ ಮೆಟ್ಟಿಲು" ಭ್ರಮೆಯಲ್ಲ, ಗಾಜಿನ ಲೆಕ್ಕ.

ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸರಾಸರಿ ಎಂಬತ್ತು ವರ್ಷದ, ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಧರಿಸುವ 606 ಹಿರಿಯರಲ್ಲಿ ಅರ್ಧದಷ್ಟು ಜನರಿಗೆ, ಹೊರಗೆ ನಡೆಯುವಾಗ ಹಾಕಲೆಂದು ದೂರದ ಒಂದೇ ನಂಬರಿನ ಕನ್ನಡಕವನ್ನು ಕೊಟ್ಟರು. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಫಲಿತಾಂಶ ಬಂತು. ನಿತ್ಯ ಹೊರಗೆ ಓಡಾಡುವವರಲ್ಲಿ ಬೀಳುವುದು ಶೇಕಡ 40ರಷ್ಟು ಕಡಿಮೆಯಾಗಿತ್ತು. ಆದರೆ ಹೊರಗೆ ಹೋಗುವುದೇ ಅಪರೂಪ ಎನ್ನುವವರಿಗೆ ಈ ಬದಲಾವಣೆಯಿಂದ ಲಾಭವಾಗಲಿಲ್ಲ, ಹೊರಗಡೆ ಬೀಳುವುದು ಹೆಚ್ಚೇ ಆಯಿತು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ನಿತ್ಯ ಮಸೀದಿಗೆ, ಪೇಟೆಗೆ ನಡೆಯುವ ಹಿರಿಯರಿಗೆ ನಡೆಯುವ ಕನ್ನಡಕ ಬೇರೆ, ಓದುವ ಕನ್ನಡಕ ಬೇರೆ ಇರುವುದು ಒಳ್ಳೆಯದು. ಯಾವುದೋ ಒಂದಕ್ಕೆ ಒಗ್ಗಿಹೋಗಿ ಮನೆಯಲ್ಲೇ ಇರುವ ವಯೋವೃದ್ಧರ ಕನ್ನಡಕವನ್ನು ಇದ್ದಕ್ಕಿದ್ದಂತೆ ಬದಲಿಸುವುದು ಒಳ್ಳೆಯದಲ್ಲ.

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಓದುವ ಕನ್ನಡಕ ಹಾಕಿಕೊಂಡೇ ಎದ್ದು ನಡೆದರೆ ಅದು ಪ್ರೋಗ್ರೆಸಿವ್‌ಗಿಂತಲೂ ಅಪಾಯ. ಏಕೆಂದರೆ ಅದರಲ್ಲಿ ಇಡೀ ನೆಲವೇ ಮಂಜು. ಕುರ್‌ಆನ್ ಮುಚ್ಚಿದ ಕೂಡಲೇ ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕುವ ಅಭ್ಯಾಸ ಇರಬೇಕು. ಅರವತ್ತೈದು ದಾಟಿದವರ ಸೊಂಟದ ಮೂಳೆ ಮುರಿದರೆ ಅವರ ನಡಿಗೆ, ಜಮಾಅತ್, ಸ್ವಾವಲಂಬನೆ ಎಲ್ಲವೂ ಒಮ್ಮೆಲೇ ನಿಂತುಹೋಗಬಹುದು. ಕನ್ನಡಕದ ಆಯ್ಕೆ ಕೇವಲ ಓದಿನ ವಿಷಯವಲ್ಲ ಎನ್ನುವುದು ಅದಕ್ಕಾಗಿ.

ಅಕ್ಷರದ ಚುಕ್ಕಿ

ಕನ್ನಡ ಪತ್ರಿಕೆ ಓದುವಾಗ ಒಂದು ಅಕ್ಷರ ಮಸುಕಾದರೂ ಪದವನ್ನು ಊಹಿಸಿಬಿಡುತ್ತೇವೆ. ಕುರ್‌ಆನ್ ಓದುವಾಗ ಊಹೆ ನಡೆಯದು. ಬಾ, ತಾ, ಸಾ ಅಕ್ಷರಗಳ ಆಕಾರ ಒಂದೇ. ಕೆಳಗೆ ಒಂದು ಚುಕ್ಕಿ, ಮೇಲೆ ಎರಡು, ಮೇಲೆ ಮೂರು ಎಂಬುದಷ್ಟೇ ವ್ಯತ್ಯಾಸ. ಜೀಮ್, ಹಾ, ಖಾ ಕೂಡ ಹಾಗೆಯೇ. ಝಬರ್ ಮೇಲೆ, ಝೇರ್ ಕೆಳಗೆ. ಕೂದಲೆಳೆಯಂಥ ಗೆರೆಗಳವು. ಕಣ್ಣು ಮಂಜಾದವರು ನೆನಪಿನಿಂದ ಓದುತ್ತಾರೆ. ನೆನಪು ಕೈಕೊಟ್ಟಲ್ಲಿ ತಪ್ಪು ಓದಿಬಿಟ್ಟೇನೋ ಎಂಬ ಭಯದಿಂದ ನಿಲ್ಲಿಸಿಬಿಡುತ್ತಾರೆ. ಓದುವ ಆದೇಶದೊಂದಿಗೆ ಅವತೀರ್ಣವಾಗತೊಡಗಿದ ಗ್ರಂಥದಿಂದ ಒಬ್ಬ ಸತ್ಯವಿಶ್ವಾಸಿ ಕೇವಲ ಒಂದು ಗಾಜಿನ ಕಾರಣಕ್ಕೆ ದೂರವಾಗುವುದು ಸಣ್ಣ ನಷ್ಟವೇ?

ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣಿನ ಪರೀಕ್ಷೆಯಲ್ಲಿ ಓದುವ ಕಾರ್ಡನ್ನು ಸಾಮಾನ್ಯವಾಗಿ ಕೈಯಲ್ಲಿ ಹಿಡಿಸಿ, 35–40 ಸೆಂಟಿಮೀಟರ್ ದೂರದಲ್ಲಿ ನಂಬರ್ ಕೊಡುತ್ತಾರೆ. ಆದರೆ ನಾವು ಕುರ್‌ಆನನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ರೆಹಾಲ್‌ನ ಮೇಲಿಟ್ಟು ಓದುವುದೇ ಹೆಚ್ಚು. ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣಿಗೂ ರೆಹಾಲ್‌ಗೂ ನಡುವೆ 50 ಸೆಂಟಿಮೀಟರಿಗೂ ಹೆಚ್ಚಿನ ಅಂತರ ಇರಬಹುದು. ಅರವತ್ತೈದರ ಕಣ್ಣಿಗೆ ಪ್ಲಸ್ ಎರಡೂವರೆ ನಂಬರ್ ತೀರ ಸ್ಪಷ್ಟವಾಗಿ ತೋರಿಸುವುದು 40 ಸೆಂಟಿಮೀಟರ್ ದೂರದ್ದನ್ನು, ಪ್ಲಸ್ ಎರಡು ತೋರಿಸುವುದು 50 ಸೆಂಟಿಮೀಟರ್ ದೂರದ್ದನ್ನು. ಅರ್ಧ ನಂಬರ್ ಹೆಚ್ಚಾದರೆ ಮುಂದಕ್ಕೆ ಬಾಗಿ ಬಾಗಿ ಬೆನ್ನು, ಕತ್ತು ನೋಯುತ್ತದೆ. ಅದಕ್ಕೇ ಪರೀಕ್ಷೆಗೆ ಹೋಗುವ ಮುನ್ನ ಮನೆಯಲ್ಲಿ ಒಂದು ಟೇಪು ಹಿಡಿದು ಅಳೆಯಿರಿ: ಕಣ್ಣಿನಿಂದ ರೆಹಾಲ್‌ಗೆ ಎಷ್ಟು, ಹೊಲಿಗೆ ಯಂತ್ರದ ಸೂಜಿಗೆ ಎಷ್ಟು, ಮೊಬೈಲ್‌ಗೆ ಎಷ್ಟು. ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಪರೀಕ್ಷಿಸುವವರ ಕೈಗೆ ಕೊಡಿ. ಇದಕ್ಕಿಂತ ಉಪಯುಕ್ತ ಮಾಹಿತಿ ಅವರಿಗೆ ಬೇರೆ ಸಿಗದು.

ಪ್ರೋಗ್ರೆಸಿವ್ ಯಾರಿಗೆ?

ಹಾಗಾದರೆ ಪ್ರೋಗ್ರೆಸಿವ್ ಬೇಡವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ದೂರ, ನಡು, ಹತ್ತಿರ ಈ ಮೂರನ್ನೂ ನಿಮಿಷಕ್ಕೆ ಹತ್ತು ಬಾರಿ ಬದಲಿಸಿ ನೋಡುವವರಿಗೆ ಅದು ನಿಜಕ್ಕೂ ವರದಾನ. ಗಿರಾಕಿಯ ಮುಖ, ಕಪಾಟಿನ ಡಬ್ಬಿ, ಕೈಯಲ್ಲಿನ ಬಿಲ್ಲು ಮೂರನ್ನೂ ನೋಡಬೇಕಾದ ಅಂಗಡಿಯವರು. ಕಿತಾಬನ್ನೂ ಹಿಂದಿನ ಸಾಲಿನ ತುಂಟ ಹುಡುಗನನ್ನೂ ಒಟ್ಟಿಗೆ ಗಮನಿಸಬೇಕಾದ ಮದ್ರಸದ ಉಸ್ತಾದರು. ಮಿಂಬರ್‌ನಲ್ಲಿ ನಿಂತು ಖುತ್ಬಾದ ಹಾಳೆಯನ್ನೂ ಜಮಾಅತ್ತನ್ನೂ ನೋಡುವ ಖತೀಬರು. ದೂರದ ನಂಬರೂ ಇರುವ ಚಾಲಕರು. ಇವರು ನಲವತ್ತರ ಆಸುಪಾಸಿನಲ್ಲೇ, ಓದುವ ನಂಬರ್ ಇನ್ನೂ ಕಡಿಮೆ ಇರುವಾಗಲೇ ಪ್ರೋಗ್ರೆಸಿವ್ ಆರಂಭಿಸಿದರೆ ಸುಲಭವಾಗಿ ಒಗ್ಗುತ್ತದೆ.

ಆದರೆ ಕೊಳ್ಳುವಾಗ ಎಚ್ಚರವಿರಲಿ. ಪ್ರೋಗ್ರೆಸಿವ್‌ನ ಯಶಸ್ಸು ಲೆನ್ಸ್‌ನ ಬ್ರ್ಯಾಂಡಿಗಿಂತ ಅಳತೆಯಲ್ಲಿದೆ. ನೀವು ಆರಿಸಿದ ಫ್ರೇಮನ್ನು ಹಾಕಿಸಿ, ನೇರ ನೋಡಲು ಹೇಳಿ, ಎರಡೂ ಕಣ್ಣಿನ ಪಾಪೆಯ ಎದುರು ಗಾಜಿನ ಮೇಲೆ ಗುರುತು ಹಾಕಬೇಕು. ಪ್ರತಿ ಕಣ್ಣಿನ ಅಂತರವನ್ನು ಬೇರೆಬೇರೆಯಾಗಿ ಅಳೆಯಬೇಕು. ಈ ಯಾವುದನ್ನೂ ಮಾಡದೆ ಕೌಂಟರಿನಲ್ಲೇ ಆರ್ಡರ್ ಬರೆದುಕೊಂಡರೆ ಅಲ್ಲಿಂದ ಎದ್ದು ಬನ್ನಿ. ಫ್ರೇಮಿನ ಗಾಜು ತೀರ ಗಿಡ್ಡವಾಗಿರಬಾರದು. ಮೇಲಿನಿಂದ ಕೆಳಕ್ಕೆ ಸುಮಾರು 30 ಮಿಲಿಮೀಟರ್ ಇಲ್ಲದಿದ್ದರೆ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ. ಎರಡು ಮೂರು ವಾರ ಹಾಕಿದರೂ ಒಗ್ಗದಿದ್ದರೆ ಅಳತೆಯನ್ನು ಮತ್ತೆ ನೋಡುತ್ತೀರಾ, ಲೆನ್ಸ್ ಬದಲಿಸಿ ಕೊಡುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಸ್ಕಾರ್ಫ್ ಧರಿಸುವ ಸಹೋದರಿಯರು ಇನ್ನೊಂದನ್ನು ನೆನಪಿಡಬೇಕು. ಬಿಗಿಯಾದ ಸ್ಕಾರ್ಫ್‌ನ ಒಳಗೆ ಕನ್ನಡಕದ ಕಡ್ಡಿ ಸೇರಿದಾಗ ಫ್ರೇಮ್ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಸಾದಾ ಕನ್ನಡಕಕ್ಕೆ ಇದು ದೊಡ್ಡ ವಿಷಯವಲ್ಲ. ಪ್ರೋಗ್ರೆಸಿವ್‌ನಲ್ಲಿ ಎರಡು ಮೂರು ಮಿಲಿಮೀಟರ್ ಸರಿದರೂ ದೂರ ನೋಡಬೇಕಾದಲ್ಲಿ ನಡುವಿನ ನಂಬರ್ ಬಂದು ಕೂರುತ್ತದೆ. ಹಾಗಾಗಿ ನಿತ್ಯ ಹೇಗೆ ಸ್ಕಾರ್ಫ್ ಕಟ್ಟುತ್ತೀರೋ ಹಾಗೆಯೇ ಕಟ್ಟಿಕೊಂಡು ಅಳತೆ ಕೊಡಿ. ನೇರವಾದ, ತೆಳ್ಳಗಿನ ಕಡ್ಡಿಯ ಫ್ರೇಮ್ ಆರಿಸಿ.

ಉಮ್ಮನ ಸರದಿ ಯಾವಾಗ?

ನಮ್ಮ ಮನೆಗಳಲ್ಲಿ ಕನ್ನಡಕಕ್ಕೂ ಒಂದು ಸರದಿ ಇದೆ. ಮೊದಲು ಶಾಲೆಗೆ ಹೋಗುವ ಮಕ್ಕಳದ್ದು, ಬಳಿಕ ಹೊರಗೆ ದುಡಿಯುವ ಗಂಡಸರದ್ದು. ಅಡುಗೆಮನೆಯಲ್ಲಿರುವವರು ಓದುವುದೇನಿದೆ ಎಂಬ ಧೋರಣೆ. ಓದುವುದೇನಿದೆ? ಅಕ್ಕಿಯ ಕಲ್ಲು, ಮೀನಿನ ಮುಳ್ಳು, ಸೂಜಿಯ ಕಣ್ಣು, ಬೀಡಿಯ ಎಲೆ, ಮೊಮ್ಮಗುವಿನ ಔಷಧಿ ಬಾಟಲಿಯ ಮೇಲಿನ ದಿನಾಂಕ, ತನ್ನದೇ ಇನ್ಸುಲಿನ್ ಸಿರಿಂಜಿನ ಗೆರೆ. ಈ ಕೊನೆಯದ್ದನ್ನು ಸ್ವಲ್ಪ ಯೋಚಿಸಿ. ಹತ್ತು ಯೂನಿಟ್ ಎಲ್ಲಿ, ಇಪ್ಪತ್ತು ಎಲ್ಲಿ ಎಂದು ಅಂದಾಜಿನಲ್ಲಿ ಎಳೆದುಕೊಳ್ಳುವ ಎಷ್ಟು ತಾಯಂದಿರಿದ್ದಾರೆ! ಅಲ್ಲಿ ಮಂಜಾದ ದೃಷ್ಟಿ ಜೀವಕ್ಕೇ ಅಪಾಯ.

ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ಹತ್ತಿರದ್ದನ್ನು ನೋಡುವ ಸಾದಾ ಕನ್ನಡಕ ಕೊಟ್ಟರು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಅವರು ಕೀಳುವ ಎಲೆಯ ತೂಕ ಶೇಕಡ 20ಕ್ಕೂ ಹೆಚ್ಚು ಏರಿತು. ಐವತ್ತು ದಾಟಿದವರಲ್ಲಿ ಶೇಕಡ 30ಕ್ಕೂ ಹೆಚ್ಚು. ಓದಲು ಬಾರದವರಿಗೂ "ಓದುವ ಕನ್ನಡಕ" ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೀಡಿ ಕಟ್ಟುವ, ಹೊಲಿಗೆ, ಕಸೂತಿ ಮಾಡುವ ನಮ್ಮ ಸಹೋದರಿಯರ ಕೆಲಸ ಎಲೆ ಕೀಳುವುದಕ್ಕಿಂತ ಸೂಕ್ಷ್ಮವಾದುದು. ಅವರಿಗೆ ಬೇಕಾದದ್ದು ಹದಿನೆಂಟು ಸಾವಿರದ ಲೆನ್ಸ್ ಅಲ್ಲ, ಅವರ ಕೈಗೂ ಕಣ್ಣಿಗೂ ಇರುವ ದೂರಕ್ಕೆ ಹೊಂದುವ ಒಂದು ಸಾದಾ ಕನ್ನಡಕ.

ಪರೀಕ್ಷೆ ಬಿಟ್ಟು ಕನ್ನಡಕವಿಲ್ಲ

ಸಂತೆಯಲ್ಲಿ, ಫುಟ್‌ಪಾತ್‌ನಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ರೆಡಿಮೇಡ್ ಕನ್ನಡಕ ಕಣ್ಣನ್ನು ಹಾಳು ಮಾಡುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಸರಿಯಲ್ಲ. ಎರಡೂ ಕಣ್ಣಿನ ನಂಬರ್ ಒಂದೇ ಇದ್ದು, ಅಡ್ಡ ನಂಬರ್ ಇಲ್ಲದವರಿಗೆ ಅದು ಕೆಲಸಕ್ಕೆ ಸಾಕು. ಅದರ ಅಪಾಯ ಬೇರೆಯೇ. ಅಕ್ಷರ ಕಂಡಿತೆಂಬ ಸಮಾಧಾನದಲ್ಲಿ ನಾವು ಕಣ್ಣಿನ ಪರೀಕ್ಷೆಗೇ ಹೋಗುವುದಿಲ್ಲ. ಗ್ಲಾಕೋಮ ಎಂಬ ಕಾಯಿಲೆ ಹೆಚ್ಚಾಗಿ ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿಯನ್ನು ಬದಿಯಿಂದ ತಿನ್ನುತ್ತಾ ಬರುತ್ತದೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯನ್ನು ಕೆಡಿಸುವುದೂ ಹಾಗೆಯೇ. ಎರಡನ್ನೂ ಕಂಡುಹಿಡಿಯುವುದು ಪರೀಕ್ಷೆ ಮಾತ್ರ. ನಲವತ್ತರ ಚಾಳೀಸು ನಮ್ಮನ್ನು ಕಣ್ಣಿನ ವೈದ್ಯರ ಬಳಿ ಕಳುಹಿಸಲೆಂದೇ ಬರುವ ಒಂದು ಕರೆ ಎಂದು ತಿಳಿಯಿರಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷಿಸಿಕೊಳ್ಳಲೇಬೇಕು. ಸಕ್ಕರೆ ಏರಿಳಿಯುತ್ತಿರುವಾಗ ನಂಬರೂ ಏರಿಳಿಯುತ್ತದೆ. ಅದು ಹತೋಟಿಗೆ ಬಂದ ಮೇಲೆಯೇ ಕನ್ನಡಕ ಮಾಡಿಸಿ.

ಅರವತ್ತು ದಾಟಿದ ಕೆಲವರು ಒಂದು ದಿನ ಇದ್ದಕ್ಕಿದ್ದಂತೆ "ಮಾಷಾ ಅಲ್ಲಾಹ್, ಈಗ ಕನ್ನಡಕವಿಲ್ಲದೆಯೇ ಓದುತ್ತೇನೆ" ಎಂದು ಸಂತೋಷಪಡುತ್ತಾರೆ. ಅದು ಕಣ್ಣಿನ ಪೊರೆ ಬಲಿಯುತ್ತಿರುವ ಅಥವಾ ಸಕ್ಕರೆ ಏರಿರುವ ಸೂಚನೆಯಾಗಿರಬಹುದು. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ದೂರಕ್ಕೆ ಹೊಂದುವ ಲೆನ್ಸ್ ಇಡುವುದರಿಂದ, ಆ ನಂತರ ಹೆಚ್ಚಿನವರಿಗೆ ಬೇಕಾಗುವುದು ಓದುವ ಕನ್ನಡಕ ಮಾತ್ರ. ಶಸ್ತ್ರಚಿಕಿತ್ಸೆ ಸದ್ಯದಲ್ಲೇ ಇದೆಯೆಂದಾದರೆ ಅದಕ್ಕೆ ಮೊದಲು ದುಬಾರಿ ಪ್ರೋಗ್ರೆಸಿವ್ ಕೊಳ್ಳುವುದು ಶುದ್ಧ ದುಂದು.

ಹಣದ ಅಡಚಣೆ ಇರುವವರು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲೂ, ರಾಜ್ಯ ಸರಕಾರದ ಆಶಾಕಿರಣ ಯೋಜನೆಯಲ್ಲೂ ತಪಾಸಣೆ ಮತ್ತು ಉಚಿತ ಕನ್ನಡಕಕ್ಕೆ ಅವಕಾಶವಿದೆ. ನಮ್ಮ ಜಮಾಅತ್ ಸಮಿತಿಗಳು ವರ್ಷಕ್ಕೊಂದು ರಕ್ತದಾನ ಶಿಬಿರ ನಡೆಸುತ್ತವೆ. ರಮಝಾನ್‌ಗೆ ಒಂದು ತಿಂಗಳಿರುವಾಗ ಒಂದು ಕಣ್ಣಿನ ಶಿಬಿರವನ್ನೂ, ಮಹಿಳೆಯರಿಗೆ ಪ್ರತ್ಯೇಕ ಸಮಯವಿಟ್ಟು, ನಡೆಸಬಾರದೇಕೆ?

ಶುಚಿಯ ಮಾತು

ಯಾವ ಕನ್ನಡಕವಾದರೂ ವುಝೂ ಮಾಡುವಾಗ ತೆಗೆಯಲೇಬೇಕು. ತೆಗೆದದ್ದನ್ನು ಹೌಝ್‌ನ ಕಟ್ಟೆಯ ಮೇಲೆ ಗಾಜು ಕೆಳಗಾಗಿ ಇಡಬೇಡಿ. ಒದ್ದೆ ಗಾಜನ್ನು ಶಾಲು, ದುಪಟ್ಟಾ, ಲುಂಗಿಯ ತುದಿಯಿಂದ ಉಜ್ಜಬೇಡಿ, ಧೂಳಿನ ಕಣ ಗಾಜನ್ನು ಗೀರುತ್ತದೆ. ದಿನಕ್ಕೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು, ಒಂದು ಹನಿ ಪಾತ್ರೆ ಸೋಪಿನ ದ್ರವ ಬೆರಳಲ್ಲಿ ಸವರಿ, ಮತ್ತೆ ತೊಳೆದು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ. ಮೂಗಿನ ಮೇಲೆ ಕೂರುವ ಪ್ಯಾಡ್‌ಗಳಲ್ಲಿ ಬೆವರು, ಎಣ್ಣೆ ಕೂತು ಹಸಿರುಗಟ್ಟುತ್ತದೆ. ವಾರಕ್ಕೊಮ್ಮೆ ಹಳೆಯ ಮೆತ್ತನೆಯ ಬ್ರಷ್‌ನಿಂದ ಸ್ವಚ್ಛ ಮಾಡಿ. ಕಣ್ಣು ಕೆಂಪಾಗಿ ಬೇನೆ ಬಂದಾಗ ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಬೇಡಿ.

ಸುಜೂದ್‌ನಲ್ಲಿ ಹಣೆಯೂ ಮೂಗೂ ನೆಲ ಮುಟ್ಟಬೇಕು. ಫ್ರೇಮ್ ಅಡ್ಡಬಂದರೆ ನಮಾಝ್‌ಗೆ ಮೊದಲೇ ತೆಗೆದು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬದಿಗಿರಿಸಿ. ಅಂಗಿಯ ಜೇಬಿನಿಂದ ಅದು ರುಕೂಅ್‌ನಲ್ಲೇ ಜಾರುತ್ತದೆ. ಹಜ್ಜ್, ಉಮ್ರಾಕ್ಕೆ ಹೋಗುವವರು ಒಂದು ಹೆಚ್ಚುವರಿ ಕನ್ನಡಕವನ್ನೂ ನಂಬರ್ ಬರೆದ ಚೀಟಿಯನ್ನೂ ಒಯ್ಯಿರಿ. ಹೊಸ ಪ್ರೋಗ್ರೆಸಿವನ್ನು ಮೊದಲ ಬಾರಿ ಹಾಕಿಕೊಂಡು ಹರಮ್‌ನ ಎಸ್ಕಲೇಟರ್ ಏರುವ ಪ್ರಯೋಗ ಮಾತ್ರ ಬೇಡ.

ಕೊನೆಗೆ

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ದೂರದ ನಂಬರ್ ಇಲ್ಲದವರಿಗೆ, ಮನೆಯಲ್ಲೇ ಹೆಚ್ಚು ಹೊತ್ತು ಇರುವವರಿಗೆ, ಕೂತು ಒಂದೇ ಕೆಲಸ ಮಾಡುವವರಿಗೆ, ಅರವತ್ತೈದರ ನಂತರ ಮೊದಲ ಬಾರಿ ಕನ್ನಡಕ ಹಾಕುವವರಿಗೆ ಸರಿಯಾಗಿ ಅಳೆದ ಸಾದಾ ಓದುವ ಕನ್ನಡಕವೇ ಉತ್ತಮ. ದೂರಕ್ಕೂ ನಂಬರ್ ಇದ್ದು, ದಿನವಿಡೀ ಜನರ ನಡುವೆ ಕೆಲಸ ಮಾಡುವ ನಡುವಯಸ್ಕರು ಪ್ರೋಗ್ರೆಸಿವ್‌ಗೆ ದುಡ್ಡು ಹಾಕಿದರೆ ವ್ಯರ್ಥವಲ್ಲ. ಅಗತ್ಯವಿಲ್ಲದ್ದಕ್ಕೆ ಹದಿನೆಂಟು ಸಾವಿರ ಸುರಿಯುವುದು ದುಂದು. ಅಗತ್ಯವಿರುವ ತಾಯಿಗೆ ನಾಲ್ಕು ನೂರು ರೂಪಾಯಿ ಖರ್ಚು ಮಾಡದಿರುವುದು ಜಿಪುಣತನ. ಎರಡನ್ನೂ ನಮ್ಮ ಧರ್ಮ ಮೆಚ್ಚುವುದಿಲ್ಲ. ಕಣ್ಣಿಗೂ ನಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿ(ಸ)ರ ಶಿಕ್ಷಣ.

ನನ್ನ ಉಮ್ಮನನ್ನು ಕೊನೆಗೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಪಕ್ಕದ ಮನೆಯ ಹುಡುಗಿ. ಅಲ್ಲಿ ಪರೀಕ್ಷಿಸಿದವರು, "ಅಮ್ಮಾ, ನೀವು ಓದುವುದು ಕೂತೋ, ಮಲಗಿಯೋ, ಪುಸ್ತಕ ಎಲ್ಲಿಟ್ಟು?" ಎಂದು ಕೇಳಿದರಂತೆ. ಉಮ್ಮ ಕೈಚಾಚಿ ರೆಹಾಲ್‌ನ ದೂರ ತೋರಿಸಿದರು. ನಾಲ್ಕು ನೂರು ರೂಪಾಯಿಯ ಕನ್ನಡಕ. ಆ ವರ್ಷದ ರಮಝಾನ್‌ನಲ್ಲಿ ಅವರು ಕುರ್‌ಆನ್ ಒಂದು ಖತಮ್ ಪೂರ್ತಿ ಮಾಡಿದರು. ಅಣ್ಣನಿಗೆ ಫೋನಿನಲ್ಲಿ ಹೇಳುವಾಗ "ನೀನು ಮಾಡಿಸಿದ ಕನ್ನಡಕದಲ್ಲೇ" ಎಂದು ಸುಳ್ಳು ಹೇಳಲೂ ಆಗದೆ, ನಿಜ ಹೇಳಲೂ ಆಗದೆ, ಸುಮ್ಮನೆ ನಕ್ಕರು.

ಇವತ್ತು ಸಂಜೆ ನಿಮ್ಮ ಉಮ್ಮನನ್ನು, ಬಾಪನನ್ನು ಕೇಳಿ. ದಿನವಿಡೀ ಏನನ್ನು ನೋಡುತ್ತೀರಿ? ಎಷ್ಟು ದೂರದಿಂದ? ಯಾವುದನ್ನು ನೋಡುವುದನ್ನು ಬಿಟ್ಟುಬಿಟ್ಟಿದ್ದೀರಿ? ಕನ್ನಡಕದ ಅಂಗಡಿಗೆ ಅದರ ನಂತರ ಹೋದರೆ ಸಾಕು.